ಹಿಮ್ಮೇಳದ ದನಿಗೆ ನೂರಕ್ಕೆ ಎರಡೂವರೆ

ಅಮೆರಿಕದಲ್ಲಿ ಉಪಗ್ರಹ ರೇಡಿಯೊ ಅಥವಾ ಇಂಟರ್ನೆಟ್ ರೇಡಿಯೊ ಸೋಲ್ ಎಂಬ, ಅಮೆರಿಕದ ಕಪ್ಪು ಜನರ ಜನಪ್ರಿಯ ಸಂಗೀತಶೈಲಿಯ ಒಂದು ಹಾಡನ್ನು ಬಿತ್ತರಿಸಿದರೆ, ಅದಕ್ಕೆ ಕಾನೂನಿನಂತೆ ಸಲ್ಲಬೇಕಾದ ಹಣ ಸೌಂಡ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆಗೆ ಬರುತ್ತದೆ. ಆ ಹಣ 100 ಡಾಲರ್ ಎಂದಿಟ್ಟುಕೊಳ್ಳಿ. ಅದರಲ್ಲಿ 50 ಡಾಲರ್ ಧ್ವನಿಮುದ್ರಣದ ಒಡೆತನ ಇರುವ ಕಂಪನಿಗೆ ಹೋಗುತ್ತದೆ. 45 ಡಾಲರ್ ಹೆಸರು ಅಚ್ಚಾದ ಮುಖ್ಯ ಕಲಾವಿದರಿಗೆ. ಉಳಿದ ಐದರಲ್ಲಿ ಎರಡೂವರೆ ಸಂಬಳಕ್ಕೆ ಬಂದು ವಾದ್ಯ ನುಡಿಸಿದ ಸೆಷನ್ ಕಲಾವಿದರಿಗೆ, ಎರಡೂವರೆ ಹಿಮ್ಮೇಳದಲ್ಲಿ ಹಾಡಿದವರಿಗೆ. ಮೂವರು ಹಾಡಿದ್ದರೆ ಒಬ್ಬೊಬ್ಬರಿಗೆ 83 ಸೆಂಟ್.

ಪಾಲು ಸಣ್ಣದು, ನಿಜ. ಆದರೆ ಹಿಮ್ಮೇಳ ಹಾಡಿ ಬದುಕುವವರ ಪಾಡನ್ನು ಅದಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಒಂದು ಹಾಳೆ ಕಾಗದ. ಆ 83 ಸೆಂಟ್ ಕೈಸೇರಬೇಕಾದರೆ ಹಾಡಿದವರು ಯಾರು ಎಂದು ಎಲ್ಲಾದರೂ ಬರೆದಿರಬೇಕು. 1960, 70ರ ದಶಕದ ಎಷ್ಟೋ ಮುದ್ರಣಗಳಲ್ಲಿ ಅದನ್ನು ಬರೆದಿಟ್ಟವರಿಲ್ಲ. ಇವತ್ತು ಮನೆಯ ಕೋಣೆಯಲ್ಲೇ ತಯಾರಾಗಿ ನೇರ ಸ್ಟ್ರೀಮಿಂಗ್‌ಗೆ ಹೋಗುವ ಹಾಡುಗಳಲ್ಲೂ ಅನೇಕ ಬಾರಿ ಬರೆಯುವವರಿಲ್ಲ. ಕೃತಕ ಬುದ್ಧಿಮತ್ತೆ ದನಿ ಹೊರಡಿಸಲು ಕಲಿತ ಮೇಲಂತೂ ಈ ಬರೆಯದ ಹಾಳೆಯ ಬೆಲೆ ಹಲವು ಪಟ್ಟು ಏರಿದೆ.

ಮೂವರಿಂದ ಹದಿನೆಂಟು ದನಿ

ಕೆಲಸ ನಡೆಯುವ ಬಗೆ ತಿಳಿಯದೆ ಸಂಬಳದ ಲೆಕ್ಕ ಅರ್ಥವಾಗುವುದಿಲ್ಲ. ಹಳೆಯ ಸೋಲ್ ಪದ್ಧತಿಯಲ್ಲಿ ಮೂವರು ಒಂದೇ ಮೈಕಿನ ಸುತ್ತ ನಿಂತು ಮೇಲಿನ, ನಡುವಿನ, ಕೆಳಗಿನ ಸ್ವರಗಳನ್ನು ಒಟ್ಟಿಗೇ ಹಾಡುತ್ತಿದ್ದರು. ಚರ್ಚಿನ ಗಾಸ್ಪೆಲ್ ಗಾಯನದಲ್ಲಿ ಪಳಗಿದವರಿಗೆ ಅದು ಸಹಜ. ಪಕ್ಕದವಳು ಒಂದು ಸ್ವರ ಮೇಲೇರಿದರೆ ತಾನು ಎಲ್ಲಿಗೆ ಸರಿಯಬೇಕು ಎಂಬುದು ಕಿವಿಗೇ ಗೊತ್ತಿರುತ್ತಿತ್ತು. ಯಾರ ದನಿ ಹೆಚ್ಚು ಕೇಳುತ್ತದೆಯೋ ಅವರು ಮೈಕಿನಿಂದ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಈಗ ಹೆಚ್ಚಾಗಿ ನಡೆಯುವುದು ಪದರ ಹಾಕುವ ಕೆಲಸ. ಮೂವರೂ ಮೊದಲು ಮೇಲಿನ ಸ್ವರವನ್ನೇ ಹಾಡುತ್ತಾರೆ, ಅದನ್ನೇ ಇನ್ನೊಮ್ಮೆ ಹಾಡುತ್ತಾರೆ. ಆಮೇಲೆ ನಡುವಿನ ಸ್ವರ ಎರಡು ಸಲ, ಕೆಳಗಿನದು ಎರಡು ಸಲ. ಮೂರು ಜನ, ಮೂರು ಸ್ವರ, ಎರಡೆರಡು ಸಲ. ಕೇಳುಗನಿಗೆ ಬರುವುದು 18 ದನಿಗಳ ತಂಡ. ಮಿಕ್ಸ್‌ನಲ್ಲಿ ಒಂದು ಸಾಲನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಹರಡಿದರೆ ಮುಖ್ಯ ಗಾಯಕಿಯ ಹಿಂದೆ ಗೋಡೆ ಎದ್ದು ನಿಂತಂತೆ ಕೇಳುತ್ತದೆ.

ಕೆಡುವುದೆಲ್ಲ ಸಣ್ಣ ವಿಷಯಗಳಲ್ಲಿ. ಇಂಗ್ಲಿಷ್ ಪದದ ಕೊನೆಯ ‘ಸ್’, ‘ಟ್’ ಸದ್ದುಗಳನ್ನು 18 ದನಿಗಳೂ ಉಚ್ಚರಿಸಿದರೆ, ಪ್ರತಿಯೊಂದೂ ಕೂದಲೆಳೆಯಷ್ಟು ಹಿಂದುಮುಂದಾಗಿ, ಸಾಲಿನ ತುದಿಯಲ್ಲಿ ಪಟಪಟ ಸದ್ದು ಎದ್ದುಬಿಡುತ್ತದೆ. ಅದಕ್ಕೆ ಒಬ್ಬರು ಮಾತ್ರ ಆ ವ್ಯಂಜನವನ್ನು ಹೇಳುತ್ತಾರೆ, ಉಳಿದವರು ಅದರ ಹಿಂದಿನ ಸ್ವರಾಕ್ಷರದಲ್ಲೇ ನಿಲ್ಲಿಸಿ ನುಂಗಿಕೊಳ್ಳುತ್ತಾರೆ. ದನಿಯನ್ನು ಅದುರಿಸದೆ ನೇರವಾಗಿ ಹಿಡಿಯಬೇಕು. ಮೂವರ ಕಂಪನದ ವೇಗ ಬೇರೆಬೇರೆಯಾದರೆ ಶ್ರುತಿ ಸರಿಯಿದ್ದರೂ ಮಸುಕಾಗುತ್ತದೆ. ‘ಈ’ಕಾರವನ್ನು ಒಬ್ಬರು ಬಾಯಿ ಅಗಲಿಸಿ, ಇನ್ನೊಬ್ಬರು ತುಟಿ ಕಿರಿದಾಗಿಸಿ ಹಾಡಿದರೆ ದನಿಗಳು ಬೆರೆಯುವುದೇ ಇಲ್ಲ. ಉದ್ದ ಸ್ವರದ ನಡುವೆ ಎಲ್ಲರೂ ಒಟ್ಟಿಗೆ ಉಸಿರೆಳೆದರೆ ಹಾಡಿನಲ್ಲಿ ತೂತು ಬೀಳುತ್ತದೆ. ಹಾಗಾಗಿ ಸರದಿಯಲ್ಲಿ ಉಸಿರು ತೆಗೆದುಕೊಳ್ಳುವುದನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಹೆಡ್‌ಫೋನಿನಲ್ಲಿ ವಾದ್ಯದ ಸದ್ದು ಜಾಸ್ತಿಯಾದರೆ ತಮ್ಮ ದನಿ ತಮಗೇ ಕೇಳದೆ ಶ್ರುತಿ ಜಾರುತ್ತದೆ. ಅನುಭವಸ್ಥರು ಒಂದು ಕಿವಿಯ ಹೆಡ್‌ಫೋನನ್ನು ಅರ್ಧ ಸರಿಸಿ ಕೋಣೆಯಲ್ಲಿ ಪಕ್ಕದವರ ದನಿ ಕೇಳುತ್ತಾ ಹಾಡುವುದು ಅದಕ್ಕೇ.

ಇಷ್ಟನ್ನೂ ಸರಿಯಾಗಿ ಮಾಡಿದರೆ ಯಾರ ದನಿ ಯಾವುದು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಈ ವೃತ್ತಿಯ ಪಾಂಡಿತ್ಯವೇ ಅದು. ಹಣ ಹಂಚುವ ವ್ಯವಸ್ಥೆಗೆ ಮಾತ್ರ ಬೇಕಾದ್ದು ಗುರುತು, ಹೆಸರು, ಸಹಿ. ಎಲ್ಲ ತಕರಾರುಗಳ ಮೂಲ ಈ ಎರಡರ ನಡುವೆ ಇದೆ.

ಗಂಟೆಯ ಲೆಕ್ಕ, ಹಾಡಿನ ಲೆಕ್ಕ

ಅಮೆರಿಕದ ದೊಡ್ಡ ಕಂಪನಿಗಳ ಮುದ್ರಣಗಳಿಗೆ ಗಾಯಕರ ಸಂಘದ ಒಪ್ಪಂದ ಅನ್ವಯಿಸುತ್ತದೆ. ಹಿಂದೆ ಆಫ್ಟ್ರಾ ಎಂದಿದ್ದ ಸಂಘ 2012ರಲ್ಲಿ ನಟರ ಸಂಘದೊಂದಿಗೆ ಸೇರಿ ಸ್ಯಾಗ್-ಆಫ್ಟ್ರಾ ಆಯಿತು. ಸಂಬಳವನ್ನು ಗಂಟೆಗಿಷ್ಟು ಎಂದೂ ಹಾಡಿಗಿಷ್ಟು ಎಂದೂ ಲೆಕ್ಕ ಹಾಕಿ, ಯಾವುದು ಹೆಚ್ಚೋ ಅದನ್ನು ಕೊಡಬೇಕು. ಒಬ್ಬರೇ ಅಥವಾ ಇಬ್ಬರೇ ಹಾಡಿದರೆ ದರ ಹೆಚ್ಚು, ಗುಂಪು ದೊಡ್ಡದಾದಷ್ಟೂ ತಲಾ ದರ ಕಡಿಮೆ. ಗುಂಪಿನಲ್ಲಿದ್ದವರು ಕೆಲವು ಸಾಲನ್ನು ಒಂಟಿಯಾಗಿ ಹಾಡಿದರೆ ಅದಕ್ಕೆ ಬೇರೆ ದರ. ಅದೇ ದನಿಯನ್ನು ಮತ್ತೆ ಪದರವಾಗಿ ಹಾಡಿಸಿದರೆ ಅದಕ್ಕೂ ಹೆಚ್ಚುವರಿ. ಗುಂಪನ್ನು ಕರೆತಂದು, ಸಮಯ ನೋಡಿ, ವರದಿ ಹಾಳೆ ತುಂಬಿಸುವ ಕಾಂಟ್ರ್ಯಾಕ್ಟರ್ ಕೂಡ ಹಾಡುವವರಲ್ಲೇ ಒಬ್ಬರು, ಆ ಕೆಲಸಕ್ಕೆ ಅವರಿಗೆ ಪ್ರತ್ಯೇಕ ಹಣ.

ಮೇಲೆ ಹೇಳಿದ 18 ದನಿಗಳ ಉದಾಹರಣೆಯಲ್ಲಿ ತಪ್ಪು ನಡೆಯುವುದು ಈ ವರದಿ ಹಾಳೆಯಲ್ಲೇ. ಮೂವರು, ಒಂದು ಗಂಟೆ, ಒಂದು ಹಾಡು ಎಂದು ಬರೆದು ಸಹಿ ಹಾಕಿದರೆ ಪದರಗಳ ಹಣ ಹೋಯಿತು. ಒಂಟಿಯಾಗಿ ಹಾಡಿದ ಸಾಲನ್ನು ನಮೂದಿಸದಿದ್ದರೆ ಅದೂ ಹೋಯಿತು. ಸ್ಟುಡಿಯೊದಲ್ಲಿ ಎಲ್ಲರೂ ಖುಷಿಯಲ್ಲಿರುವಾಗ ಹಾಳೆ ತುಂಬಿಸಿ ಎಂದು ಹಟ ಹಿಡಿಯುವುದು ಮುಜುಗರ. ಮುಂದಿನ ಸಲ ಕರೆಯದೆ ಬಿಟ್ಟಾರೆಂಬ ಭಯವೂ ಇರುತ್ತದೆ. ಆ ಹಟ ಹಿಡಿಯಲೆಂದೇ ಸಂಘ ಕಾಂಟ್ರ್ಯಾಕ್ಟರ್ ಎಂಬ ಹುದ್ದೆಯನ್ನು ಕಡ್ಡಾಯ ಮಾಡಿತು.

ಹಾಡು ಗೆದ್ದ ಮೇಲೆ ಬರುವ ಹಣವೂ ಇದೇ ಹಾಳೆಯಿಂದ ಹೊರಡುತ್ತದೆ. ಮಾರಾಟ ಒಂದೊಂದು ಮೆಟ್ಟಿಲು ಏರಿದಂತೆ ರಾಯಲ್ಟಿ ಇಲ್ಲದ ಗಾಯಕರಿಗೆ ಮೂಲ ದರದ ಒಂದು ಭಾಗವನ್ನು ಮತ್ತೆ ಕೊಡಬೇಕೆಂಬ ನಿಯಮ ಆ ಒಪ್ಪಂದದಲ್ಲಿದೆ. ಹಾಡನ್ನು ಸಿನಿಮಾಕ್ಕೋ ಜಾಹೀರಾತಿಗೋ ಬಳಸಿದರೆ ಹೊಸ ಬಳಕೆಯ ಹಣ. ಪಿಂಚಣಿ ಮತ್ತು ಆರೋಗ್ಯ ನಿಧಿಗೆ ಕಂಪನಿಯ ಕೊಡುಗೆ ಸೇರುವುದೂ ಇಲ್ಲಿಂದಲೇ. ಹಾಳೆಯಲ್ಲಿ ಹೆಸರಿಲ್ಲದವರಿಗೆ ಇದಾವುದೂ ಇಲ್ಲ, ಹಾಡು ಐವತ್ತು ವರ್ಷ ಮೊಳಗಿದರೂ.

ದನಿ ಒಬ್ಬರದು, ಹೆಸರು ಇನ್ನೊಬ್ಬರದು

1962ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ‘ಹೀ ಈಸ್ ಎ ರೆಬೆಲ್’ ಹಾಡಿದವರು ಡಾರ್ಲೀನ್ ಲವ್ ಮತ್ತು ಆಕೆಯ ತಂಡ ದಿ ಬ್ಲಾಸಮ್ಸ್. ನಿರ್ಮಾಪಕ ಫಿಲ್ ಸ್ಪೆಕ್ಟರ್ ಅದನ್ನು ದಿ ಕ್ರಿಸ್ಟಲ್ಸ್ ಎಂಬ ಬೇರೆ ತಂಡದ ಹೆಸರಿನಲ್ಲಿ ಬಿಡುಗಡೆ ಮಾಡಿದರು. ಹಾಡು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆ ಹಾಡಿನ ಮುಖ್ಯ ದನಿಯೇ ಆಕೆಯದು. ಆದರೂ ಹೆಸರು ಇಲ್ಲದ್ದರಿಂದ ಆಕೆ ಲೆಕ್ಕಕ್ಕೆ ಹಿಮ್ಮೇಳದವಳೇ ಆದಳು. 1980ರ ದಶಕದ ಆರಂಭದಲ್ಲಿ ಮನೆಗೆಲಸ ಮಾಡಿ ಜೀವನ ಸಾಗಿಸಿದ ಡಾರ್ಲೀನ್ ಲವ್, 1990ರ ದಶಕದಲ್ಲಿ ನ್ಯಾಯಾಲಯಕ್ಕೆ ಹೋಗಿ ಬಾಕಿ ರಾಯಲ್ಟಿಯ ಒಂದು ಭಾಗವನ್ನು ಗೆದ್ದರು. 2011ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಆಕೆಯನ್ನು ಸೇರಿಸಿಕೊಂಡಿತು.

ಡೆಟ್ರಾಯಿಟ್‌ನ ಮೋಟೌನ್ ಕಂಪನಿಯಲ್ಲಿ ಜಾಕಿ ಹಿಕ್ಸ್, ಮಾರ್ಲೀನ್ ಬ್ಯಾರೊ, ಲೂವೆನ್ ಡೆಂಪ್ಸ್ ಎಂಬ ಮೂವರು ದಿ ಆಂಡಾಂಟೆಸ್ ಎಂಬ ಹೆಸರಿನಲ್ಲಿ ಕಂಪನಿಯ ಲೆಕ್ಕವಿಲ್ಲದಷ್ಟು ಹಾಡುಗಳಿಗೆ ಹಿಮ್ಮೇಳ ಕೊಟ್ಟರು. 1968ರ ‘ಲವ್ ಚೈಲ್ಡ್’ ಬಂದದ್ದು ಡಯಾನಾ ರಾಸ್ ಅಂಡ್ ದಿ ಸುಪ್ರೀಮ್ಸ್ ಹೆಸರಿನಲ್ಲಿ. ಅಲ್ಲಿ ರಾಸ್ ಹಿಂದೆ ಕೇಳುವುದು ಸುಪ್ರೀಮ್ಸ್‌ನ ಉಳಿದಿಬ್ಬರ ದನಿಯಲ್ಲ, ಆಂಡಾಂಟೆಸ್ ದನಿ. 1972ರಲ್ಲಿ ಕಂಪನಿ ಲಾಸ್ ಏಂಜಲೀಸ್‌ಗೆ ಹೋಯಿತು, ಈ ಮೂವರ ಕೆಲಸ ಅಲ್ಲಿಗೆ ಮುಗಿಯಿತು. ರೆಕಾರ್ಡಿನ ರಟ್ಟಿನ ಮೇಲೆ ಹೆಸರಿರಲಿಲ್ಲ. ಹೊಸ ಊರಿನಲ್ಲಿ ತೋರಿಸಿ ಕೆಲಸ ಕೇಳುವುದಕ್ಕೆ ಕೈಯಲ್ಲಿ ಏನೂ ಇರಲಿಲ್ಲ.

ಹೆಸರು ಇದ್ದೂ ಸಾಲದಾದ ಪ್ರಕರಣ ಲಂಡನ್‌ನದು. 1973ರ ಜನವರಿಯಲ್ಲಿ ಆಬಿ ರೋಡ್ ಸ್ಟುಡಿಯೊದಲ್ಲಿ ಪಿಂಕ್ ಫ್ಲಾಯ್ಡ್ ತಂಡಕ್ಕಾಗಿ ಕ್ಲೇರ್ ಟೋರಿ ಮಾತಿಲ್ಲದ ಆಲಾಪವೊಂದನ್ನು ಹಾಡಿದರು. ಭಾನುವಾರದ ದುಪ್ಪಟ್ಟು ದರದಲ್ಲಿ ಸಿಕ್ಕಿದ್ದು 30 ಪೌಂಡ್. ಆಲ್ಬಮ್ ಮೇಲೆ ಗಾಯಕಿಯಾಗಿ ಹೆಸರು ಬಂತು, ರಚನಕಾರರ ಜಾಗದಲ್ಲಿ ಬರಲಿಲ್ಲ. ತಂಡ ಕೊಟ್ಟದ್ದು ಸ್ವರಸಂಚಾರದ ಚೌಕಟ್ಟು ಮಾತ್ರ, ಅದರ ಮೇಲೆ ಬೆಳೆದ ರಾಗವೆಲ್ಲ ಆಕೆಯ ಗಂಟಲಲ್ಲೇ ಹುಟ್ಟಿದ್ದು. 2004ರಲ್ಲಿ ಆಕೆ ದಾವೆ ಹೂಡಿದರು. 2005ರಲ್ಲಿ ರಾಜಿಯಾಯಿತು, ಆ ಮೇಲಿನ ಮುದ್ರಣಗಳಲ್ಲಿ ತಂಡದ ರಿಕ್ ರೈಟ್ ಹೆಸರಿನ ಜೊತೆ ಆಕೆಯದೂ ರಚನಕಾರರ ಸಾಲಿನಲ್ಲಿದೆ. ಸೋಲ್ ಹಿಮ್ಮೇಳದ ಬಹುಭಾಗ ಹೀಗೆ ಸ್ಥಳದಲ್ಲೇ ಕಟ್ಟಿದ್ದು. ಸ್ವರ ಬರೆದ ಹಾಳೆ ಯಾರೂ ತರುತ್ತಿರಲಿಲ್ಲ. ಅದು ಸಂಯೋಜನೆಯ ಕೆಲಸ, ಸಂಬಳ ಸಿಕ್ಕಿದ್ದು ಹಾಡಿದ್ದಕ್ಕೆ ಮಾತ್ರ.

1990ರಲ್ಲಿ ಮಾರ್ಥಾ ವಾಶ್ ಹಾಡಿದ ‘ಗಾನ ಮೇಕ್ ಯು ಸ್ವೆಟ್’ ಹಾಡಿನ ವೀಡಿಯೊದಲ್ಲಿ ತುಟಿಯಾಡಿಸಿದ್ದು ಇನ್ನೊಬ್ಬಾಕೆ. ವಾಶ್ ಮೊಕದ್ದಮೆ ಹೂಡಿದರು. ರಾಜಿಯ ಭಾಗವಾಗಿ, ದನಿ ಯಾರದು ಎಂಬ ಟಿಪ್ಪಣಿಯನ್ನು ವೀಡಿಯೊಗೆ ಸೇರಿಸುವಂತೆ ಸೋನಿ ಕಂಪನಿ ಎಂಟಿವಿಯನ್ನು ಕೇಳಿಕೊಳ್ಳಬೇಕಾಯಿತು.

ಇಂಥ ಕತೆಗಳನ್ನು ಹೇಳುವಾಗ ಹಿಮ್ಮೇಳದವರೆಲ್ಲ ತಾರೆಯಾಗಲು ಹೋಗಿ ಸೋತವರು ಎಂಬ ಧಾಟಿ ಬಂದುಬಿಡುತ್ತದೆ. ಅದು ಸರಿಯಲ್ಲ. ಲೂಥರ್ ವಾಂಡ್ರಾಸ್ 1974ರಲ್ಲಿ ಡೇವಿಡ್ ಬೋವಿಗೆ ಹಿಮ್ಮೇಳ ಹಾಡಿ, ಜಾಹೀರಾತುಗಳಿಗೆ ದನಿ ಕೊಟ್ಟು, 1981ರಲ್ಲಿ ಸ್ವಂತ ಆಲ್ಬಮ್ ಮೂಲಕ ಮುಂದೆ ಬಂದರು. ಲೀಸಾ ಫಿಶರ್ 1991ರ ಸ್ವಂತ ಹಾಡಿಗೆ ಗ್ರ್ಯಾಮಿ ಪಡೆದ ಮೇಲೂ ಹಿಮ್ಮೇಳದಲ್ಲೇ ಉಳಿದರು, 1989ರಿಂದ 2015ರವರೆಗೆ ರೋಲಿಂಗ್ ಸ್ಟೋನ್ಸ್ ಜೊತೆ ಊರೂರು ಸುತ್ತಿದರು. ಇದೊಂದು ಪೂರ್ಣ ವೃತ್ತಿ, ಅದಕ್ಕೆ ತಕ್ಕ ನಿಯಮಗಳೂ ಬೇಕು.

ಕೆಲಸ ಕರಗಿದ್ದು ಹೇಗೆ

ಒಂದು ಕಾಲದಲ್ಲಿ ಈ ವೃತ್ತಿಯ ಅನ್ನದ ಬಟ್ಟಲು ಜಾಹೀರಾತಿನ ಜಿಂಗಲ್. 30 ಸೆಕೆಂಡ್ ಹಾಡಿದರೆ, ಜಾಹೀರಾತು ಓಡುವಷ್ಟು ಕಾಲ 13 ವಾರಗಳ ಒಂದೊಂದು ಅವಧಿಗೂ ಮತ್ತೆ ಹಣ. ತಯಾರಾಗಿರುವ ಪ್ರಸಿದ್ಧ ಹಾಡುಗಳನ್ನೇ ಕಂಪನಿಗಳು ಪರವಾನಗಿಗೆ ಕೊಳ್ಳತೊಡಗಿದ ಮೇಲೆ ಅದು ಸೊರಗಿತು. ಅದಕ್ಕೂ ಮುಂಚೆಯೇ, ಒಂದರ ಮೇಲೊಂದು ದನಿ ಮುದ್ರಿಸುವ ಬಹುಟ್ರ್ಯಾಕ್ ಯಂತ್ರ ಬಂದು ಮುಖ್ಯ ಗಾಯಕರೇ ತಮ್ಮ ಹಿಂದೆ ತಾವೇ ಹಾಡಿಕೊಳ್ಳುವುದು ಶುರುವಾಗಿತ್ತು. ಕಂಪ್ಯೂಟರ್ ಬಂದ ಮೇಲೆ ಮೊದಲ ಪಲ್ಲವಿಯ ಹಿಮ್ಮೇಳವನ್ನು ನಕಲಿಸಿ ಉಳಿದ ಎಲ್ಲ ಪಲ್ಲವಿಗಳಿಗೂ ಅಂಟಿಸಬಹುದು. ಮೂರು ಗಂಟೆಯ ಕೆಲಸ ನಲವತ್ತು ನಿಮಿಷಕ್ಕೆ ಇಳಿಯಿತು.

ಉಳಿದದ್ದು ಪ್ರವಾಸ. ವಾರದ ಸಂಬಳ, ದಿನಭತ್ಯೆ ಸಿಗುತ್ತದೆ, ಪ್ರವಾಸ ಮುಗಿದರೆ ಆದಾಯವೂ ಮುಗಿಯಿತು. ಸ್ಪಾಟಿಫೈ ತರಹದ, ಕೇಳುಗ ತಾನೇ ಹಾಡು ಆರಿಸುವ ಸೇವೆಗಳಿಗೆ ಆರಂಭದಲ್ಲಿ ಹೇಳಿದ ಎರಡೂವರೆಯ ನಿಯಮ ಅನ್ವಯಿಸುವುದಿಲ್ಲ. ಅಲ್ಲಿನ ಹಣ ಕಂಪನಿಗೆ ಹೋಗುತ್ತದೆ, ಹಿಮ್ಮೇಳದವರ ಪಾಲು ಒಪ್ಪಂದದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಮೆರಿಕದ ಮಾಮೂಲಿ ಎಎಂ, ಎಫ್ಎಂ ರೇಡಿಯೊ ಗಾಯಕರಿಗೆ ಏನನ್ನೂ ಕೊಡಬೇಕಿಲ್ಲ. ಇದನ್ನು ಬದಲಿಸುವ ಮಸೂದೆ 2021ರಿಂದ ಅಲ್ಲಿನ ಸಂಸತ್ತಿನ ಮುಂದೆ ಮತ್ತೆ ಮತ್ತೆ ಬರುತ್ತಿದೆ. ಯುರೋಪು ಈ ವಿಷಯದಲ್ಲಿ ಮುಂದಿದೆ. ಅಲ್ಲಿ 2011ರ ನಿರ್ದೇಶನದಂತೆ ಮುದ್ರಣದ ಹಕ್ಕು 50ರಿಂದ 70 ವರ್ಷಕ್ಕೆ ಏರಿದಾಗ, ಆ ಹೆಚ್ಚುವರಿ 20 ವರ್ಷಗಳಲ್ಲಿ ಕಂಪನಿಗೆ ಬರುವ ಆದಾಯದ ಶೇ. 20ನ್ನು, ಒಮ್ಮೆಯ ಸಂಬಳಕ್ಕೆ ಹಕ್ಕು ಬಿಟ್ಟುಕೊಟ್ಟ ಸೆಷನ್ ಕಲಾವಿದರಿಗೆಂದೇ ತೆಗೆದಿಡಬೇಕೆಂದು ವಿಧಿಸಲಾಯಿತು.

ಗುರುತು ಸಿಗದ ದನಿಗೆ ಯಾವ ಕಾನೂನು?

ಕೃತಕ ಬುದ್ಧಿಮತ್ತೆಯ ಚರ್ಚೆಯಲ್ಲಿ ಎಲ್ಲರೂ ಮಾತಾಡುವುದು ಹೆಸರಾಂತರ ದನಿ ಕದ್ದ ಬಗ್ಗೆ. ಹಿಮ್ಮೇಳದವರಿಗೆ ಒದಗಿರುವ ಅಪಾಯ ಬೇರೆ. ಯಂತ್ರಕ್ಕೆ ಹಾಡಲು ಕಲಿಸಬೇಕಾದರೆ ವಾದ್ಯ ಬೆರೆಯದ, ಪ್ರತಿಧ್ವನಿ ಸೇರಿಸದ, ಒಂದೊಂದು ಸ್ವರವೂ ಪ್ರತ್ಯೇಕವಾಗಿರುವ ಶುದ್ಧ ದನಿಯ ಫೈಲು ಬೇಕು. ಪದರ ಹಾಕಿದ ಹಿಮ್ಮೇಳದ ಮೂಲ ಟ್ರ್ಯಾಕುಗಳು ಇರುವುದು ಹಾಗೆಯೇ. ಇನ್ನೊಂದು ಬಗೆಯಲ್ಲಿ, ಒಬ್ಬಳೇ ಗಾಯಕಿ ಆರು ಸಾಲು ಹಾಡುತ್ತಾಳೆ, ಸಾಫ್ಟ್‌ವೇರ್ ಒಂದೊಂದನ್ನೂ ಬೇರೆ ಬೇರೆ ಕಂಠಕ್ಕೆ ಬದಲಾಯಿಸುತ್ತದೆ. ಮೂವರನ್ನು ಕರೆಯುವ ಅಗತ್ಯವೇ ಬೀಳುವುದಿಲ್ಲ. ಗಮನವಿಟ್ಟು ಕೇಳಿದರೆ ವ್ಯತ್ಯಾಸ ಕಾಣುತ್ತದೆ. ಆರು ಕಂಠಗಳೂ ಒಂದೇ ಕಡೆ ಉಸಿರೆಳೆಯುತ್ತವೆ, ಸ್ವರಕ್ಕೆ ಏರುವ ರೀತಿಯೂ ಒಂದೇ. ಒಬ್ಬರ ದನಿಗೆ ಇನ್ನೊಬ್ಬರು ಓಗೊಡುವುದು ಅಲ್ಲಿ ಇಲ್ಲ. ಆದರೆ ಫೋನಿನ ಸ್ಪೀಕರಿನಲ್ಲಿ ಕೇಳುವವರಿಗೆ ಇದು ತಿಳಿಯುವುದಿಲ್ಲ, ನಿರ್ಮಾಪಕರಿಗೆ ಅಷ್ಟೇ ಸಾಕು.

2024ರ ಮಾರ್ಚಿನಲ್ಲಿ ಟೆನೆಸೀ ರಾಜ್ಯ ದನಿಯ ನಕಲನ್ನು ತಡೆಯುವ ಎಲ್ವಿಸ್ ಕಾಯ್ದೆ ತಂದಿತು. ಅದೇ ವರ್ಷ ಸ್ಯಾಗ್-ಆಫ್ಟ್ರಾ ದೊಡ್ಡ ಕಂಪನಿಗಳ ಜೊತೆ 2026ರವರೆಗಿನ ಒಪ್ಪಂದ ಮಾಡಿಕೊಂಡಿತು. ಗಾಯಕ ಎಂಬ ಪದ ಮನುಷ್ಯರಿಗೆ ಮಾತ್ರ ಸಲ್ಲುತ್ತದೆ, ದನಿಯ ಡಿಜಿಟಲ್ ನಕಲು ಬಳಸಿದ ಮುದ್ರಣ ಬಿಡುಗಡೆ ಮಾಡುವ ಮೊದಲು ಸ್ಪಷ್ಟ ಒಪ್ಪಿಗೆ ಮತ್ತು ಹಣ ಬೇಕು ಎಂದು ಅದರಲ್ಲಿದೆ. ಒಳ್ಳೆಯ ಹೆಜ್ಜೆಗಳೇ. ಆದರೆ ಎರಡೂ ಕಾಯುವುದು ಇಂಥವರದು ಎಂದು ಹೇಳಬಹುದಾದ ದನಿಯನ್ನು. ಇನ್ನೊಬ್ಬರ ದನಿಯಲ್ಲಿ ಕರಗುವುದೇ ಕಸುಬಾದವರ ನೂರು ಫೈಲುಗಳಿಂದ ಕಲಿತು, ಯಾರದೂ ಅಲ್ಲದ ದನಿಯನ್ನು ಯಂತ್ರ ಹೊರಡಿಸಿದರೆ ಅವರು ಏನೆಂದು ದೂರು ಕೊಡಬೇಕು? 2024ರ ಜೂನ್‌ನಲ್ಲಿ ಕೃತಕ ಬುದ್ಧಿಮತ್ತೆಯಿಂದ ಹಾಡು ತಯಾರಿಸುವ ಸುನೊ, ಯುಡಿಯೊ ಕಂಪನಿಗಳ ಮೇಲೆ ಮೊಕದ್ದಮೆ ಹೂಡಿದ ದೊಡ್ಡ ಸಂಗೀತ ಕಂಪನಿಗಳಲ್ಲಿ ಎರಡು, 2025ರ ಕೊನೆಗೆ ರಾಜಿಯಾಗಿ ಪರವಾನಗಿ ಕೊಡುವ ಹಾದಿ ಹಿಡಿದವು. ಆ ಹಣದಲ್ಲಿ ಹಿಮ್ಮೇಳಕ್ಕೂ ಪಾಲು ಬೇಕೆಂದು ಕೇಳುವಾಗ, ಯಾವ ಟ್ರ್ಯಾಕಿನಲ್ಲಿ ಯಾರಿದ್ದರು ಎಂಬ ಹಾಳೆಯೊಂದೇ ಸಾಕ್ಷಿ.

ನಮ್ಮ ಕೋರಸ್, ನಮ್ಮ ಕಾಯ್ದೆ

ಚೆನ್ನೈ, ಬೆಂಗಳೂರಿನ ಸ್ಟುಡಿಯೊಗಳಲ್ಲಿ ಕೋರಸ್ ಹಾಡುವವರು, ದೊಡ್ಡ ಗಾಯಕರು ಬರುವ ಮೊದಲು ಟ್ರ್ಯಾಕ್ ಹಾಡಿಕೊಡುವವರು ಇದೇ ವೃತ್ತಿಯವರು. ಸಾಮಾನ್ಯವಾಗಿ ಕೋಆರ್ಡಿನೇಟರ್ ಒಬ್ಬರು ಕರೆಯುತ್ತಾರೆ, ಹಾಡು ಮುಗಿದ ಮೇಲೆ ಹಣ ಕೊಡುತ್ತಾರೆ, ಅಲ್ಲಿಗೆ ವ್ಯವಹಾರ ಮುಗಿಯಿತು. ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ 38ಎ ಕಲಮಿನ ಮೂಲಕ ಹಾಡುಗಾರರಿಗೆ ವಾಣಿಜ್ಯ ಬಳಕೆಯ ರಾಯಲ್ಟಿಯ ಹಕ್ಕು ಕೊಟ್ಟಿತು. ಅದನ್ನು ವಸೂಲು ಮಾಡಲು 2013ರಲ್ಲಿ ಇಸ್ರಾ ಎಂಬ ಗಾಯಕರ ಸಂಘ ನೋಂದಣಿಯಾಯಿತು. ವಾದಕರನ್ನೂ ಸೇರಿಸಿಕೊಂಡು ಅದು ಈಗ ಇಸಾಮ್ರಾ ಆಗಿದೆ.

ಆದರೆ ಅದೇ ತಿದ್ದುಪಡಿ 2(ಕ್ಯೂಕ್ಯೂ) ವ್ಯಾಖ್ಯೆಗೆ ಒಂದು ಷರತ್ತು ಸೇರಿಸಿತು. ಸಿನಿಮಾದಲ್ಲಿ ಪ್ರದರ್ಶನ ಪ್ರಾಸಂಗಿಕವಾಗಿದ್ದು, ಟೈಟಲ್ ಕಾರ್ಡ್ ಸೇರಿದಂತೆ ಎಲ್ಲೂ ಹೆಸರಿಸದ ವ್ಯಕ್ತಿಯನ್ನು ಪ್ರದರ್ಶಕ ಎಂದು ಪರಿಗಣಿಸುವಂತಿಲ್ಲ. ಆತನಿಗೆ ಉಳಿಯುವುದು, ತನ್ನ ಪ್ರದರ್ಶನವನ್ನು ಹೆಸರು ಕೆಡುವಂತೆ ತಿರುಚಿದರೆ ಆಕ್ಷೇಪಿಸುವ ಹಕ್ಕು ಮಾತ್ರ. ಹಾಡಿನ ಇಡೀ ಪಲ್ಲವಿಯನ್ನು ಹೊರುವ ಕೋರಸ್ ಪ್ರಾಸಂಗಿಕವಲ್ಲ ಎಂದು ವಾದಿಸಬಹುದು, ವಾದಿಸಲೂಬೇಕು. ಆದರೆ ಟೈಟಲ್ ಕಾರ್ಡಿನಲ್ಲಿ ಹೆಸರಿದ್ದರೆ ಆ ವಾದವೇ ಬೇಡ. ಹೆಸರು ಹಾಕಿಸುವುದು ಇಲ್ಲಿ ಮರ್ಯಾದೆಯ ಪ್ರಶ್ನೆಯಷ್ಟೇ ಅಲ್ಲ, ಹಕ್ಕಿನ ಬಾಗಿಲು. ದನಿ ನಕಲಿನ ವಿರುದ್ಧ 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಅರಿಜಿತ್ ಸಿಂಗ್ ಅವರಿಗೆ ರಕ್ಷಣೆ ಕೊಟ್ಟಿತು. ಅದು ಪ್ರಸಿದ್ಧ ವ್ಯಕ್ತಿತ್ವದ ಆಧಾರದ ಮೇಲೆ ಬಂದ ಆದೇಶ, ಕೋರಸ್‌ನವರಿಗೆ ಹಾಗೆಯೇ ದಕ್ಕುವಂಥದಲ್ಲ.

ಹಾಳೆಯಲ್ಲಿ ಇರಬೇಕಾದ್ದು ಹೆಚ್ಚೇನಿಲ್ಲ. ದಿನಾಂಕ, ಶುರುವಾದ ಮತ್ತು ಮುಗಿದ ಹೊತ್ತು, ಸ್ಟುಡಿಯೊ, ಆಧಾರ್ ಅಥವಾ ಬ್ಯಾಂಕಿನಲ್ಲಿರುವಂತೆ ಪೂರ್ಣ ಹೆಸರು, ಹಾಡುಗಾರಿಕೆಯ ಹೆಸರು ಬೇರೆಯಿದ್ದರೆ ಅದೂ. ಅಕ್ಷರ ತಪ್ಪಬಾರದು. 1969ರ ‘ಗಿಮ್ಮೀ ಶೆಲ್ಟರ್’ ಹಾಡನ್ನು ಮರೆಯಲಾಗದಂತೆ ಮಾಡಿದ ಮೆರಿ ಕ್ಲೇಟನ್ ಹೆಸರನ್ನೇ ಮೊದಲ ಮುದ್ರಣದಲ್ಲಿ ಮೇರಿ ಎಂದು ತಪ್ಪಾಗಿ ಹಾಕಿದ್ದರು. ಎಷ್ಟು ಪದರ, ಯಾವ ಸಾಲು ಒಂಟಿ, ಸಂಯೋಜನೆ ಯಾರದು ಎಂದು ಒಂದೊಂದು ಸಾಲು. ಹಾಡಿಗೆ ಅವತ್ತು ಇರುವುದು ತಾತ್ಕಾಲಿಕ ಹೆಸರು, ಬಿಡುಗಡೆಯ ಹೊತ್ತಿಗೆ ಬದಲಾಗುತ್ತದೆ. ಹಣ ಹುಡುಕುವಾಗ ಎರಡೂ ತಾಳೆಯಾಗದೆ ಕೈತಪ್ಪುವುದು ಹೆಚ್ಚಾಗಿ ಇಲ್ಲೇ. ಅದಕ್ಕೆ ಬಿಡುಗಡೆಯ ನಂತರ, ಪ್ರತಿ ಮುದ್ರಣವನ್ನೂ ಗುರುತಿಸಲು ಕೊಡುವ ಐಎಸ್ಆರ್‌ಸಿ ಸಂಖ್ಯೆ ಕೇಳಿ ಅದೇ ಹಾಳೆಯಲ್ಲಿ ಬರೆದುಕೊಳ್ಳಬೇಕು. ಮನೆಯಿಂದ ಹಾಡಿ ಕಳಿಸುವವರು ಫೈಲಿನ ಹೆಸರಿನಲ್ಲೇ ತಮ್ಮ ಹೆಸರು ಸೇರಿಸಿ, ಕಳಿಸಿದ ಇಮೇಲ್ ಉಳಿಸಿಕೊಂಡರೆ ಅದೂ ದಾಖಲೆಯೇ. ಕೊನೆಗೆ ಒಂದು ಸಾಲು: ಈ ದನಿಯನ್ನು ಈ ಹಾಡಿಗಷ್ಟೇ ಬಳಸತಕ್ಕದ್ದು, ಯಂತ್ರದ ತರಬೇತಿಗೆ ಅಥವಾ ನಕಲು ದನಿ ತಯಾರಿಸಲು ಬಳಸುವುದಾದರೆ ಬೇರೆ ಒಪ್ಪಿಗೆ ಮತ್ತು ಬೇರೆ ಸಂಭಾವನೆ. ಇದಕ್ಕೆ ಸಹಿ ಹಾಕಿಸಿಕೊಳ್ಳಬೇಕಾದ್ದು ಮೈಕಿನ ಮುಂದೆ ನಿಲ್ಲುವ ಮೊದಲು. ಫೈಲು ಕೈಬಿಟ್ಟ ಮೇಲೆ ಕೇಳಿದರೆ ಸಹಿ ಹಾಕಲೇಬೇಕಾದ ಒತ್ತಾಯ ಯಾರಿಗೂ ಇರುವುದಿಲ್ಲ.